ನಿಮ್ಮ ಸಮಯ ಮುಗಿದಿದೆ

ನನ್ನ ಕೆಲಸದಲ್ಲಿ ವೈರುಗಳಿಗಿಂತ ಮಾತೇ ಹೆಚ್ಚು ಗಂಟು ಬೀಳುತ್ತದೆ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಒಂದು ಖಾಸಗಿ ಆಸ್ಪತ್ರೆ, ಕಮಲಾಪುರದಲ್ಲಿ ಅದರ ಸಣ್ಣ ಶಾಖೆ. ಎರಡೂ ಕಡೆಯ ವೈಫೈ ನನ್ನ ತಲೆಗೆ. ಅಷ್ಟೂ ವೈಫೈ ಡಬ್ಬಿಗಳನ್ನು ಒಂದೇ ಕಡೆ ಕೂತು ಆಡಿಸುವ ಸಾಫ್ಟ್‌ವೇರಿಗೆ ಕಂಟ್ರೋಲರ್ ಎನ್ನುತ್ತಾರೆ. ಆ ಹೆಸರಿನಿಂದಲೇ ನನ್ನ ಮದುವೆ ತಪ್ಪುವುದರಲ್ಲಿತ್ತು.

೧. ಸಂಜೆಯ ಬಸ್ಸು

ಮಹಾಗಾಂವಕ್ಕೆ ಹೆಣ್ಣು ನೋಡಲು ಹೋಗಿದ್ದೆವು. ನಮ್ಮ ಚಿಕ್ಕಮ್ಮ ಮೊದಲೇ "ಹುಡುಗ ಕಂಟ್ರೋಲರ್ ಕೆಲಸದಾಗ ಅದಾನ" ಎಂದು ಹೇಳಿಬಿಟ್ಟಿದ್ದಳು. ನಮ್ಮ ಕಡೆ ಕಂಟ್ರೋಲರ್ ಎಂದರೆ ಬಸ್‌ಸ್ಟ್ಯಾಂಡಿನ ಕಿಟಕಿಯೊಳಗೆ ಕೂತು ಬಸ್ಸು ಬಿಡಿಸುವವನು. ಸರಕಾರಿ ನೌಕರಿ!

ಹುಡುಗಿಯ ಅಪ್ಪ ಎರಡನೇ ಸಲ ಉಪ್ಪಿಟ್ಟು ಹಾಕಿಸಿ, "ತಮ್ಮಾ, ಸಂಜಿಗಿ ನಮ್ಮೂರಿಗಿ ಇನ್ನೊಂದು ಬಸ್ ಬಿಡಸ್ರಿ" ಎಂದರು. ನನಗೆ ಆಗ ತಿಳಿಯಿತು. ಆದರೆ ಅಷ್ಟರಲ್ಲಿ ಹುಡುಗಿ ನನಗೆ ತುಂಬ ಹಿಡಿಸಿದ್ದಳು. ಖರೇ ಹೇಳಲು ಬಾಯಿ ಬರಲಿಲ್ಲ. "ನೋಡ್ತೀನ್ರಿ" ಎಂದೆ.

ಹೊರಗೆ ಬಂದು, ಸುಳ್ಳು ಹೇಳಿದೆನಲ್ಲ ಎಂದು ಒದ್ದಾಡಿದೆ. ಚಿಕ್ಕಮ್ಮ ಸಮಾಧಾನ ಮಾಡಿದಳು: "ಸುಳ್ಳೆಲ್ಲಿ ಹೇಳೀದಿ? ನೋಡ್ತೀನಿ ಅಂದಿ. ಖರೇ ಕಂಟ್ರೋಲರ್ ಆದ್ರೂ ಅಷ್ಟ ಅಂತಿದ್ದ."

೨. ಸಂದೇಶ

ಮರುವಾರ ನನ್ನ ವೈಫೈ ಕಂಟ್ರೋಲರಿಗೆ ಹೊಸ ಅಪ್‌ಡೇಟ್ ಬಂತು. ಆಸ್ಪತ್ರೆಗೆ ಬಂದುಹೋಗುವವರ ವೈಫೈ ಎರಡು ತಾಸಿಗೆ ತಾನೇ ಕಡಿಯುವಂತೆ ಮಾಡಬಹುದಿತ್ತು. ಜೊತೆಗೆ ನಮ್ಮದೇ ಮಾತಿನಲ್ಲಿ ಸಂದೇಶವನ್ನೂ ಕಳಿಸಬಹುದು. ನಾನು ಹುರುಪಿನಿಂದ ಶುದ್ಧ ಕನ್ನಡದಲ್ಲಿ ಬರೆದೆ: "ಆತ್ಮೀಯರೇ, ನಿಮ್ಮ ಸಮಯ ಮುಗಿದಿದೆ. ಧನ್ಯವಾದ."

ಹನ್ನೊಂದು ಗಂಟೆಗೆ ನರ್ಸಮ್ಮ ಓಡಿಬಂದಳು. ಹೊರಗಿನ ಪಡಸಾಲೆಯಲ್ಲಿ ಮೊಣಕಾಲು ತೋರಿಸಲು ಬಂದ ಹಿರಿಯರೊಬ್ಬರು ಮೊಬೈಲ್ ಹಿಡಿದು ನಡುಗುತ್ತಿದ್ದರು. "ಡಾಕ್ಟರ್ ಇನ್ನಾ ನೋಡೇ ಇಲ್ಲ, ಇವರಿಗಿ ಹ್ಯಾಂಗ ಗೊತ್ತಾತು?" ಎಂದು ಎಲ್ಲರನ್ನೂ ಕೇಳುತ್ತಿದ್ದರು.

ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ರೋಗಿ, ಸಾಹೇಬರೊಬ್ಬರು, ತಮ್ಮ ಮೊಬೈಲನ್ನೂ ತೋರಿಸಿ ಧೈರ್ಯ ಹೇಳುತ್ತಿದ್ದರು: "ಘಬರಾವ್ ನಕ್ಕೋ ಚಾಚಾ, ನನಗೂ ಬಂದದ. ಇಬ್ಬರೂ ಕೂಡೇ ಹೋಗಮು."

೩. ಹತ್ತು ನಿಮಿಷ

ಹತ್ತಿರ ಹೋಗಿ ನೋಡಿದರೆ, ಆ ಹಿರಿಯರು ಹುಡುಗಿಯ ಅಪ್ಪ!

"ನೀವೇನ್ ಇಲ್ಲಿ? ಬಸ್‌ಸ್ಟ್ಯಾಂಡ್ ಬಿಟ್ಟು?"

ನನ್ನ ಕೋಣೆಗೆ ಕರೆದೊಯ್ದು ಎಲ್ಲ ಒಪ್ಪಿಕೊಂಡೆ. ಸಂದೇಶ ಬರೆದವನು ನಾನೇ, ನಾನು ಬಸ್ಸಿನ ಕಂಟ್ರೋಲರ್ ಅಲ್ಲ, ಅವತ್ತು ಹೇಳದೆ ತಪ್ಪು ಮಾಡಿದೆ ಎಂದೆ. ಅವರ ಎದುರಿಗೇ ಎರಡು ತಾಸಿನ ಮಿತಿಯನ್ನೂ ಸಂದೇಶವನ್ನೂ ತೆಗೆದೆ. ಪರದೆಯ ಮೇಲೆ ಒಂದು ಗಡಿಯಾರ ಓಡತೊಡಗಿತು.

"ಇದೇನು?"

"ಇದೂ ಹೊಸದೇ ರೀ. ಏನರೆ ಬದಲು ಮಾಡಿದ್ರ ಹತ್ತು ನಿಮಿಷದಾಗ 'ಒಪ್ಪಿಗೆ' ಒತ್ತಬೇಕು. ಇಲ್ಲಂದ್ರ ತಾನೇ ಮೊದಲಿನಂಗ ಆಗ್ತದ. ಇಲ್ಲಿ ಕೂತು ಮಾಡಿದ್ದರಿಂದ ಕಮಲಾಪುರದ್ದು ಏನರೆ ಕೆಟ್ಟರೂ ಅಲ್ಲಿತನಕ ಓಡಿಹೋಗದು ಬ್ಯಾಡ."

ಅವರು ಗಡಿಯಾರ ನೋಡಿದರು. ಆಮೇಲೆ ಮಗಳಿಗೆ ಫೋನ್ ಮಾಡಿ ಎಲ್ಲ ಹೇಳಿ, "ಹತ್ತು ನಿಮಿಷ ಕೊಟ್ಟೀನಿ. ನಿನ್ನ ಒಪ್ಪಿಗಿ ಬರ್ಲಿಲ್ಲಂದ್ರ ಎಲ್ಲಾ ಮೊದಲಿನಂಗ. ಅವರ್ಯಾರೋ, ನಾವ್ಯಾರೋ" ಎಂದು ಇಟ್ಟರು.

ಇಬ್ಬರೂ ಪರದೆಯ ಗಡಿಯಾರ ನೋಡುತ್ತ ಕೂತೆವು. ತಪ್ಪು ಮಾಡಿದವನಿಗೆ ಹಿಂದಕ್ಕೆ ಹೋಗಲು ಯಂತ್ರವೇ ದಾರಿ ಇಟ್ಟಿದೆ; ಮನುಷ್ಯರು ಇಡುತ್ತಾರೋ ಇಲ್ಲವೋ ಎಂದು ನಾನು ನಿಮಿಷ ಎಣಿಸುತ್ತಿದ್ದೆ. ಗಡಿಯಾರದ ಒಂಬತ್ತನೇ ನಿಮಿಷಕ್ಕೆ ಫೋನ್ ಬಂತು. ಅವಳ ದನಿ ನನಗೂ ಕೇಳಿಸಿತು.

"ತಡಾ ಆದ್ರೂ ಖರೇ ಹೇಳ್ಯಾರಲ್ಲ, ಸಾಕು. ಅವರು ಕಂಟ್ರೋಲರ್ ಇದ್ರೂ ನಮ್ಮೂರ ಬಸ್ ಹೊತ್ತಿಗಿ ಬರ್ತಿತ್ತೇನಪ್ಪಾ?"

ಖುಷಿಯಲ್ಲಿ ಕಣ್ಣು ತುಂಬಿತು. ಅವರ ಕಾಲು ಮುಟ್ಟಿ ನಮಸ್ಕಾರ ಮಾಡುವ ಗಡಿಬಿಡಿಯಲ್ಲಿ 'ಒಪ್ಪಿಗೆ' ಒತ್ತುವುದೇ ಮರೆತೆ. ಹತ್ತು ನಿಮಿಷ ಆಯಿತು, ಎಲ್ಲ ಮೊದಲಿನಂತಾಯಿತು, ಅವರ ಮೊಬೈಲ್ ಮತ್ತೆ ಟಿಣ್ ಎಂದಿತು.

ಅವರು ಕನ್ನಡಕ ಏರಿಸಿ ಓದಿದರು: "ನಿಮ್ಮ ಸಮಯ ಮುಗಿದಿದೆ." ಈ ಸಲ ನಡುಗಲಿಲ್ಲ. ಮೊಬೈಲನ್ನು ನನ್ನ ಕಡೆ ತಿರುಗಿಸಿದರು.

"ತಗೋರಿ ಅಳಿಯಾ, ಇದು ನಿಮಗ ಬಂದದ್ದು."