ಕ್ರೋಟನ್ ಗಿಡಕ್ಕೆ ಸಲಾಯಿನ್

ಎಂಟು ದಿನಕ್ಕೊಮ್ಮೆ ನಳದಲ್ಲಿ ನೀರು ಬರುವ ಗದಗಿನಲ್ಲಿ ಗಿಡವೊಂದನ್ನು ನೀರಿನಲ್ಲಿ ಮುಳುಗಿಸಿ ಕೊಂದವರು ಯಾರಾದರೂ ಇದ್ದರೆ ಅದು ನಮ್ಮ ಕಾಕಾ ಒಬ್ಬರೇ. ಉಳಿದವರ ಮನೆಯ ಗಿಡಗಳು ನೀರಿಲ್ಲದೆ ಒಣಗಿ ಸಾಯುತ್ತಿದ್ದವು; ಅದು ಊರಿನ ಪದ್ಧತಿ. ನಮ್ಮ ಮನೆಯ ದವನದ ಗಿಡ ಮಾತ್ರ ಕೊಳೆತು ಸತ್ತಿತು. ಅದಕ್ಕೆ ಕಾರಣ ಕಾಕಾ ಅವರ ಒಳ್ಳೆಯತನವೇ. ನೀರು ಹಾಕಿದೆನೋ ಇಲ್ಲವೋ ಎಂಬುದು ಅವರಿಗೆ ನೆನಪಿರುತ್ತಿರಲಿಲ್ಲ. ಶಿರಹಟ್ಟಿ, ಮುಂಡರಗಿಗಳಲ್ಲಿ ದಸ್ತಾವೇಜು ನೋಂದಣಿ ಕಚೇರಿಯ ಗುಮಾಸ್ತರಾಗಿದ್ದು ಗದಗಿಗೆ ವರ್ಗವಾಗಿ ಬಂದವರು; ಕಾನೂನಿನ ಗಾಳಿ ಚೆನ್ನಾಗಿ ಬಡಿದಿತ್ತು. “ಸಂಶಯ ಬಂತಂದ್ರ ಅದರ ಲಾಭ ಗಿಡಕ್ಕ ಹೋಗಬೇಕು” ಎಂದು ಇನ್ನೊಂದು ಚರಿಗೆ ಸುರಿಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಮತ್ತೆ ಸಂಶಯ ಬರುತ್ತಿತ್ತು. ಅಷ್ಟೊಂದು ಲಾಭವನ್ನು ಯಾವ ಗಿಡ ತಾನೇ ತಡೆದುಕೊಂಡೀತು?

ಆಗ ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಗದಗಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಬಾಯಾರು, ಅಂದರೆ ಶಿಕ್ಷಕಿ; ಇವರ ಮನೆಯಲ್ಲೇ ಇದ್ದೆ. ಕಾಕಾ ನನ್ನ ತಂದೆಯ ತಮ್ಮ. ಅವರ ಹೆಂಡತಿ ಕಾಕು. ಅವರ ಒಬ್ಬಳೇ ಮಗಳು ಲಗ್ನವಾಗಿ ಲಕ್ಷ್ಮೇಶ್ವರಕ್ಕೆ ಹೋದ ವರ್ಷವೇ ಕಾಕು ಗಿಡ ಸಾಕತೊಡಗಿದ್ದರು. ಹೊರಗಿಟ್ಟರೆ ಓಣಿಯ ಆಡುಗಳು ಬಿಡುತ್ತಿರಲಿಲ್ಲ. ಹಾಗಾಗಿ ಮರುಗ, ಕಾಕಡಾ, ಎಲೆಬಳ್ಳಿ, ಕ್ರೋಟನ್ ಎಂದು ಹನ್ನೊಂದು ಗಿಡಗಳು ಮನೆಯೊಳಗೇ, ಪಡಸಾಲೆಯ ಬೆಳಕಿಂಡಿಯ ಕೆಳಗೆ ಸಂಸಾರ ಹೂಡಿದ್ದವು.

ಕಾಕು ಅವರ ತವರು ಸಾಂಗ್ಲಿ. ಆ ಕಡೆ ಮರಾಠಿಯಲ್ಲಿ ಹೂವಿನ ಕುಂಡಕ್ಕೆ ‘ಕುಂಡಿ’ ಎನ್ನುತ್ತಾರೆ. ನಮ್ಮಲ್ಲಿ ಆ ಶಬ್ದ ಮನುಷ್ಯ ಕುಳಿತುಕೊಳ್ಳಲು ಬಳಸುವ ಭಾಗಕ್ಕೆ ಮೀಸಲು. ಇದನ್ನು ಎಷ್ಟು ಸಲ ತಿಳಿಸಿ ಹೇಳಿದರೂ ಕಾಕು ಬದಲಾಗಲಿಲ್ಲ. ಬಂದವರ ಎದುರಿಗೇ, “ರೀ, ನಿಮ್ಮ ಕುಂಡಿ ಜರಾ ಬಿಸಲಿಗೆ ಸರಸ್ರಿ” ಎನ್ನುತ್ತಿದ್ದರು. ಕಾಕಾ ತಲೆ ತಗ್ಗಿಸಿ ಕ್ರೋಟನ್ ಕುಂಡವನ್ನು ಸರಿಸುತ್ತಿದ್ದರು. ಬಂದವರು ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತಿದ್ದರು.

ಹೀಗಿರುವಾಗ ಲಕ್ಷ್ಮೇಶ್ವರದಿಂದ ಪತ್ರ ಬಂತು. ಮಗಳಿಗೆ ಚೊಚ್ಚಲ ಹೆರಿಗೆ. ಬಸ್ಸಿನಲ್ಲಿ ಕೂಡಬಾರದೆಂದು ಡಾಕ್ಟರು ಹೇಳಿದ್ದಾರೆ. ಅವಳು ತವರಿಗೆ ಬರುವ ಬದಲು ಕಾಕುನೇ ಅಲ್ಲಿಗೆ ಹೋಗಿ, ಬಾಣಂತನ ಮುಗಿಸಿ, ಮೂರು ತಿಂಗಳ ಮೇಲೆ ಬರುವುದೆಂದು ಠರಾವಾಯಿತು. ಹೊರಡಲು ಇನ್ನೂ ಒಂದು ತಿಂಗಳಿತ್ತು.

ಆ ಸಂಜೆಯೇ ಕಾಕು ನನ್ನನ್ನು ಕರೆದು, “ಗಿಡದ ಜವಾಬ್ದಾರಿ ನಿಂದು. ನಿಮ್ಮ ಕಾಕಾ ಅವುಗಳ ಹತ್ತರ ಸೈತ ಹೋಗಬಾರದು” ಎಂದರು.

ಕಾಕಾ ಹೊಸ್ತಿಲಲ್ಲೇ ನಿಂತಿದ್ದರು. “ಯಾಕ? ನನ್ನ ಮ್ಯಾಲೆ ನಂಬಿಗಿ ಇಲ್ಲೇನು?”

“ನಿಮ್ಮ ಮ್ಯಾಲೆ ಐತ್ರಿ. ನಿಮ್ಮ ನೆನಪಿನ ಮ್ಯಾಲೆ ಇಲ್ಲ.”

“ಹಂಗಾರ ನೆನಪು ಬೇಡದಂಥಾ ವ್ಯವಸ್ಥಾ ಮಾಡತೇನಿ. ನೀರು ತನ್ನಷ್ಟಕ್ಕ ತಾನ ಗಿಡಕ್ಕ ಹೋಗಬೇಕು. ನಾನೂ ಚರಿಗಿ ಮುಟ್ಟಂಗಿಲ್ಲ, ಇಕಿನೂ ಮುಟ್ಟಂಗಿಲ್ಲ.”

“ಒಂದು ಗಿಡ ಸತ್ರ?”

“ಸತ್ರ ನೀ ಹೇಳಿದ್ದ ಶಿಕ್ಷಾ.”

“ಆತು. ಮುಂಜಾನಿ ಚಹಾ ಜೀವನಪರ್ಯಂತ ನೀವ ಮಾಡಬೇಕು,” ಎಂದು ಕಾಕು ಒಳಗೆ ಹೋದರು. ಒಲೆ ಹೊತ್ತಿಸಲು ಬಾರದ ಮನುಷ್ಯನಿಗೆ ಇದು ಸಣ್ಣ ಶಿಕ್ಷೆಯೇ?

ಮರುದಿನ ಕಾಕಾ ಫೈಲು ತೆರೆದರು. ಎಲ್ಲೆಲ್ಲಿ ಯಾವ ಯಾವ ಉಪಾಯ ಸಿಗುತ್ತದೋ ತರಿಸುವುದು, ಕ್ರೋಟನ್ ಮೇಲೆ ಪರೀಕ್ಷಿಸುವುದು, ಗೆದ್ದದ್ದನ್ನು ಎಲ್ಲ ಗಿಡಗಳಿಗೂ ಜೋಡಿಸುವುದು. ಮೊದಲ ಪುಟದಲ್ಲೇ, ಹೊಲದ ಖರೀದಿ ಪತ್ರದಲ್ಲಿ ಬರೆಯುವಂತೆ, ಕ್ರೋಟನ್‌ನ ನಾಲ್ಕೂ ದಿಕ್ಕಿನ ಮೇರೆ ಬರೆದರು. “ಸದರಿ ಗಿಡದ ಚಕ್ಕುಬಂದಿ: ಪೂರ್ವಕ್ಕೆ ಮರುಗ, ಪಶ್ಚಿಮಕ್ಕೆ ದೇವರ ಕೋಣೆಯ ಗೋಡೆ, ದಕ್ಷಿಣಕ್ಕೆ ಬಟ್ಟೆ ಒಣಹಾಕುವ ಗಳ, ಉತ್ತರಕ್ಕೆ ಖುಲ್ಲಾ ಜಾಗ.” ಖುಲ್ಲಾ ಜಾಗವೆಂದರೆ ದವನ ಸತ್ತು ತೆರವಾದದ್ದು. ಅದನ್ನು ಬರೆಯಲಿಲ್ಲ.

ಮೊದಲು ಬಂದದ್ದು ಶಿರಹಟ್ಟಿಯ ಉಪಾಯ. ಅಲ್ಲಿನ ಪರಿಚಯದ ಕಂಪೌಂಡರರಿಂದ ಕಾಕಾ ಖಾಲಿ ಸಲಾಯಿನ್ ಬಾಟಲಿ, ರಬ್ಬರ್ ನಳಿಕೆ, ಹನಿ ಎಣಿಸುವ ಗಾಜಿನ ಬುರುಡೆ ಎಲ್ಲ ತಂದರು. ಬಾಟಲಿಯನ್ನು ಗಳಕ್ಕೆ ತಲೆಕೆಳಗಾಗಿ ಕಟ್ಟಿ, ನಳಿಕೆಯನ್ನು ಕ್ರೋಟನ್ ಬುಡಕ್ಕೆ ಬಿಟ್ಟು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. ನಿಮಿಷಕ್ಕೆ ಎಷ್ಟು ಹನಿ ಎಂದು ಎಣಿಸಬೇಕಲ್ಲ? ಮುಖ ತುಂಬ ಗಂಭೀರವಾಗಿತ್ತು. ಕಿಟಕಿಯಿಂದ ಇದನ್ನು ಕಂಡ ಎದುರುಮನೆಯ ಅಜ್ಜಿ ಅರ್ಧ ಗಂಟೆಯಲ್ಲಿ ನಾಲ್ಕು ಮೋಸಂಬಿ ಹಿಡಿದು ಬಂದರು. ಅವರಿಗೆ ಬಾಟಲಿ ಕಂಡಿತ್ತು, ಕುರ್ಚಿ ಕಂಡಿತ್ತು, ಹಾಸಿಗೆ ಕಂಡಿರಲಿಲ್ಲ.

“ಯಾರಿಗೆ ಅರಾಮಿಲ್ಲೋ ತಮ್ಮಾ?”

“ಯಾರಿಗೂ ಏನಿಲ್ರಿ ಅಜ್ಜಿ. ಕ್ರೋಟನ್‌ಗೆ ಹಚ್ಚೇನಿ.”

ಅಜ್ಜಿ ಬಾಟಲಿ ನೋಡಿದರು, ಗಿಡ ನೋಡಿದರು, ಕೊನೆಗೆ ಕಾಕಾನನ್ನು ಬಹಳ ಹೊತ್ತು ನೋಡಿದರು. ಮೋಸಂಬಿಗಳನ್ನು ಕಾಕು ಕೈಗಿಟ್ಟು, “ನೀ ತಿನ್ನವಾ. ನಿನಗ ಬೇಕಾಗ್ತಾವ,” ಎಂದು ಮೆಲ್ಲಗೆ ಹೇಳಿ ಹೋದರು. ಸಂಜೆಗೆ ನಳಿಕೆಯಲ್ಲಿ ಗಾಳಿ ಸೇರಿ ಹನಿ ನಿಂತಿತು. ಶಿರಹಟ್ಟಿಯ ಉಪಾಯ ನಪಾಸು.

ಎರಡನೆಯದು ಡಂಬಳದ್ದು. ಅಲ್ಲಿ ಕಾಕಾನ ಗೆಳೆಯರೊಬ್ಬರದು ಗುಡಿಯ ಪೂಜೆಯ ಮನೆತನ. ಲಿಂಗದ ಮೇಲೆ ತೂಗುಹಾಕುವ ತಾಮ್ರದ ಧಾರಾಪಾತ್ರೆ, ತಳದ ಸಣ್ಣ ತೂತಿನಿಂದ ಹನಿ ಹನಿಯಾಗಿ ನೀರು ಬೀಳುವಂಥದ್ದು, ಅವರ ಮನೆಯಲ್ಲಿ ಹಳೆಯದೊಂದು ಬಿದ್ದಿತ್ತು. ಶತಮಾನಗಳಿಂದ ಕೆಡದ ಯಂತ್ರ ಎಂದು ಫೈಲಿನಲ್ಲಿ ಬರೆದು, ಕಾಕಾ ಅದನ್ನು ಕ್ರೋಟನ್ ಮೇಲೆ ತೂಗುಹಾಕಿ ಕಚೇರಿಗೆ ಹೋದರು. ಅದು ಸೋಮವಾರವಾಗಿತ್ತು. ನಾನು ಶಾಲೆಯಿಂದ ಬಂದಾಗ ಕ್ರೋಟನ್ ಹಣೆಗೆ, ಅಂದರೆ ಅದರ ದೊಡ್ಡ ಎಲೆಗೆ, ವಿಭೂತಿ ಬಿದ್ದಿತ್ತು. ಬುಡದಲ್ಲಿ ದಾಸವಾಳ, ಎರಡು ಊದಿನಕಡ್ಡಿ. ಎದುರುಮನೆಯ ಅಜ್ಜಿ ಪ್ರದಕ್ಷಿಣೆ ಹಾಕುತ್ತಿದ್ದರು. ಗೋಡೆ ಅಡ್ಡ ಬಂದಾಗ ದೇವರ ಕೋಣೆಯೊಳಗಿಂದ ಸುತ್ತಿ ಬರುತ್ತಿದ್ದರು.

“ಅಜ್ಜಿ, ಅದು ಗಿಡಾರೀ,” ಎಂದೆ.

“ಧಾರಿ ಬೀಳಾಕತ್ತೈತಲ್ಲ. ಧಾರಿ ಬಿದ್ದಲ್ಲಿ ಬರೂ ಪುಣ್ಯಾ ನಾವು ಯಾಕ ಬಿಡಬೇಕು?” ಎಂದು ಅಜ್ಜಿ ಇನ್ನೊಂದು ಸುತ್ತು ಹೊರಟರು.

ಕಾಕು ಆ ಪಾತ್ರೆಯನ್ನು ತೊಳೆದು ದೇವರ ಕೋಣೆಯಲ್ಲಿಟ್ಟು, “ಇನ್ನ ಇದನ್ನ ಮುಟ್ಟಬ್ಯಾಡ್ರಿ” ಎಂದುಬಿಟ್ಟರು. ಫೈಲಿನಲ್ಲಿ ಕಾಕಾ ಬರೆದರು: “ಕೆಲಸ ಸಮರ್ಪಕ. ಧಾರ್ಮಿಕ ಅಡಚಣೆ.”

ಮೂರನೆಯದನ್ನು ಮಾತ್ರ ನಾನು ಸಾಯುವತನಕ ಮರೆಯಲಾರೆ. ಮುಂಡರಗಿಯಲ್ಲಿ ಗಡಿಯಾರ ರಿಪೇರಿ ಮಾಡುವವರೊಬ್ಬರು ಕಾಕಾನ ಮಾತನ್ನು ಗಂಭೀರವಾಗಿ ಕೇಳಿದ ಏಕೈಕ ವ್ಯಕ್ತಿ. ಅವರು ಒಂದು ಅಲಾರ್ಮ್ ಗಡಿಯಾರ ಕೊಟ್ಟರು. ಗಂಟೆ ಬಡಿಯುವಾಗ ಅದರ ಹಿಂದಿನ ಕೀಲಿ ತಿರುಗುತ್ತದಷ್ಟೇ? ಆ ಕೀಲಿಗೆ ದಾರ ಸುತ್ತಿಕೊಳ್ಳುತ್ತದೆ; ದಾರ ಮೇಲಿನ ಹಲಗೆಯ ಮೇಲಿಟ್ಟ ತಂಬಿಗೆಯನ್ನು ಎಳೆಯುತ್ತದೆ; ತಂಬಿಗೆ ಬಾಗಿ ಗಿಡಕ್ಕೆ ನೀರು. ರವಿವಾರ ಬೆಳಿಗ್ಗೆ ಹನ್ನೊಂದಕ್ಕೆ ಪರೀಕ್ಷೆ ಎಂದು ಗೊತ್ತುಮಾಡಿ, ತಂಬಿಗೆ ತುಂಬಿಟ್ಟು ಕಾಕಾ ಸ್ನಾನಕ್ಕೆ ಹೋದರು.

ಹತ್ತೂವರೆಗೆ ಲಕ್ಷ್ಮೇಶ್ವರದ ಬೀಗರು, ಮಗಳ ಮಾವನವರು, ಹೇಳದೆ ಕೇಳದೆ ಬಂದಿಳಿದರು. ಕಾಕು ಅವರನ್ನು ಯಾವತ್ತು ಕರೆದೊಯ್ಯುವುದೆಂದು ಮಾತಾಡಲು ಬಂದಿದ್ದರು. ಇಸ್ತ್ರಿ ಮಾಡಿದ ಕೋಟು, ಜರಿಯ ರುಮಾಲು. ಬೆಳಕಿಂಡಿಯ ಕೆಳಗೆ ಗಾಳಿ ಚೆನ್ನಾಗಿದೆ ಎಂದು ಕ್ರೋಟನ್ ಕುಂಡವನ್ನು ಕಾಲಿನಿಂದ ಅತ್ತ ಸರಿಸಿ, ಆ ಜಾಗದಲ್ಲೇ ಕುರ್ಚಿ ಹಾಕಿಕೊಂಡರು. ಕಾಕು ಅಡುಗೆಮನೆಯಲ್ಲಿ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದರು. ನಾನು ಚಹಾ ತಂದುಕೊಟ್ಟು ಊರಿನ ಖಬರು ಕೇಳುತ್ತ ನಿಂತೆ. ತಂಬಿಗೆಯ ನೆನಪು ನನಗೂ ಬರಲಿಲ್ಲ. ಕಾಕಾನ ನೆನಪನ್ನು ಆಡಿಕೊಂಡ ನನಗೆ ಇದು ತಕ್ಕದ್ದೇ.

ಗಂಟೆ ಬಡಿಯಿತು. ಬೀಗರು ತಲೆಯೆತ್ತಿ ಮೇಲೆ ನೋಡಿದರು. ನೋಡಬಾರದಿತ್ತು.

ರುಮಾಲು ಕುಡಿದು ಉಳಿದ ನೀರು ಕೋಟಿಗೆ ಇಳಿಯಿತು, ಕೋಟಿನಿಂದ ಚಹಾದ ಕಪ್ಪುಬಸಿಗೆ. ಅಷ್ಟರಲ್ಲಿ ಪಂಚೆ ಸುತ್ತಿಕೊಂಡು ಓಡಿಬಂದ ಕಾಕಾ ಬೀಗರ ಮುಖ ನೋಡಲಿಲ್ಲ. ಗೋಡೆಯ ಗಡಿಯಾರ ನೋಡಿದರು. “ಎರಡು ಮಿನಿಟ ತಡಾ ಆತು,” ಎಂದರು.

ಕಾಕು ಟವೆಲ್ ಹಿಡಿದು ಬಂದರು. ಬೀಗರು ನಿಧಾನವಾಗಿ ಮುಖ ಒರೆಸಿಕೊಂಡು ಹೇಳಿದರು: “ಬೀಗರು ಬಂದ್ರ ಕೈಕಾಲಿಗೆ ನೀರು ಕೊಡೂದು ನೋಡೇನ್ರಿ. ತಲಿಗೆ ಕೊಡೂ ಪದ್ಧತಿ ಇಲ್ಲೇ ನೋಡಿದೆ.”

ಕಾಕಾನ ಧೋತರ ಉಟ್ಟು, ಕಾಕಾನ ಅಂಗಿ ತೊಟ್ಟು ಅವರು ಮಧ್ಯಾಹ್ನದ ಬಸ್ಸು ಹತ್ತಿದರು. ಕಾಕು ಎರಡು ದಿನ ಮಾತಾಡಲಿಲ್ಲ. ಫೈಲಿನಲ್ಲಿ ಮಾತ್ರ, “ದೋಷ ಯಂತ್ರದ್ದಲ್ಲ, ಬೀಗರದು” ಎಂಬ ಷರಾ ಬಿತ್ತು.

ಕಾಕು ಹೊರಡಲು ಹನ್ನೆರಡು ದಿನ ಉಳಿದಾಗ ಕಾಕಾ ನನ್ನೆದುರು ಬಂದು ಕುಳಿತರು. ಸೋತ ಮುಖ. “ನೀ ವಿಜ್ಞಾನ ಕಲಸ್ತೀಯಲ್ಲವಾ, ಏನರ ಹೇಳು.”

ನಾನು ಬತ್ತಿಯ ಮಾತು ಹೇಳಿದೆ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವ ಹಾಗೆ, ನೂಲಿನ ಒಂದು ತುದಿ ನೀರಿನ ಗಡಿಗೆಯಲ್ಲಿ, ಇನ್ನೊಂದು ತುದಿ ಕುಂಡದ ಮಣ್ಣಿನಲ್ಲಿ. ಮಣ್ಣು ಒಣಗಿದಷ್ಟೇ ನೀರು ಎಳೆದುಕೊಳ್ಳುತ್ತದೆ.

“ಅಂದ್ರ ನೆನಪಿಡೂ ಕೆಲಸ ಗಿಡಕ್ಕ ಬಿಟ್ಟದ್ದು?”

“ಹೌದ್ರಿ ಕಾಕಾ.”

ಮರುದಿನ ಅವರು ಬೆಟಗೇರಿಗೆ ನಡೆದರು. ನೇಕಾರರೊಬ್ಬರ ಮನೆಯಲ್ಲಿ ಕುಳಿತು ಐದು ಬಗೆಯ ಹತ್ತಿ ನೂಲು ತರಿಸಿ, ಮಸಿ ಬೆರೆಸಿದ ನೀರಿನಲ್ಲಿ ಅದ್ದಿ, ಯಾವುದರಲ್ಲಿ ಮಸಿ ಎಷ್ಟು ಬೆರಳು ಏರಿತೆಂದು ಅಳೆದರು. ಆ ನೇಕಾರರು ಆಮೇಲೆ ನನಗೆ ಸಿಕ್ಕಾಗ ಹೇಳಿದ್ದು: “ಬಾಯಾರ, ನನ್ನ ಜನ್ಮ ಎಲ್ಲಾ ನೂಲಿನ್ಯಾಗ ಹೋತು. ನೂಲಿಗೆ ನೀರಡಿಕಿ ಎಷ್ಟು ಅಂತ ಕೇಳಿದವ್ರು ನಿಮ್ಮ ಕಾಕಾನ ಮೊದಲ್ನ್ಯಾವ್ರು.”

ಬತ್ತಿ ಪಾಸಾಯಿತು. ಎರಡು ಮಣ್ಣಿನ ಗಡಿಗೆ, ಹನ್ನೊಂದು ಬತ್ತಿ. ನಳ ಬಂದ ದಿನ ಗಡಿಗೆ ತುಂಬಿದರೆ ಮುಂದಿನ ನಳದವರೆಗೆ ಚಿಂತೆಯಿಲ್ಲ. ಕಾಕು ಲಕ್ಷ್ಮೇಶ್ವರಕ್ಕೆ ಹೋದರು. ಗಿಡಗಳು ಹೊಸ ಚಿಗುರು ಬಿಟ್ಟವು. ಸಂಭ್ರಮದಲ್ಲಿ ಕಾಕಾ ವಾರಕ್ಕೊಂದು ಪತ್ರ ಹಾಕತೊಡಗಿದರು. “ಸದರಿ ಗಿಡಗಳೆಲ್ಲವೂ ಕ್ಷೇಮ. ನಿನ್ನ ಗೈರುಹಾಜರಿಯಿಂದ ಈ ಮನೆಯಲ್ಲಿ ಯಾವ ಅಡಚಣೆಯೂ ಉಂಟಾಗಿಲ್ಲವೆಂದು ಈ ಮೂಲಕ ತಿಳಿಸಲಾಗಿದೆ.”

“ಕಾಕಾ, ಹೀಂಗ ಬರದ್ರ ಕಾಕು ಏನ ತಿಳ್ಕೋತಾರ?” ಎಂದು ಕೇಳಿದೆ.

“ಖುಷಿ ಪಡತಾಳ. ಇನ್ನೇನು?”

ಕಾಕು ಅವರಿಂದ ಬಂದದ್ದು ಒಂದೇ ಕಾರ್ಡು. ಹೆಣ್ಣು ಕೂಸು, ತಾಯಿ ಕೂಸು ಅರಾಮ, ಗಿಡದ ಸುದ್ದಿ ತಿಳಿಯಿತು. ಕಾಕಾ ಆ ಕೊನೆಯ ಮಾತನ್ನು ಮೆಚ್ಚುಗೆ ಎಂದೇ ಫೈಲಿಗೆ ಹೊಲಿದರು.

ಮೂರು ತಿಂಗಳಾದ ಮೇಲೆ ಕಾಕು ಬಂದರು. ಎಲೆಬಳ್ಳಿ ಬೆಳಕಿಂಡಿ ಮುಟ್ಟಿತ್ತು. ಕಾಕಾ ಕೈಕಟ್ಟಿ ಪಕ್ಕದಲ್ಲಿ ನಿಂತು ಕಾದರು. ಕಾಕು ಹನ್ನೊಂದೂ ಗಿಡಗಳನ್ನು ಒಂದೊಂದಾಗಿ ನೋಡಿ, “ಛಲೋ ಬೆಳದಾವ,” ಎಂದಷ್ಟೇ ಹೇಳಿ ಒಳಗೆ ಹೋದರು.

ಮರುದಿನ ಬೆಳಿಗ್ಗೆ ಅವರು ಅಕ್ಕಿ ತೊಳೆದ ನೀರನ್ನು ಚರಿಗೆಯಲ್ಲಿ ಹಿಡಿದು ಪಡಸಾಲೆಗೆ ಬಂದದ್ದನ್ನು ಕಂಡೆ. ಮರುಗದ ಮಣ್ಣನ್ನು ಬೆರಳಿನಿಂದ ಮುಟ್ಟಿದರು. ಹಸಿಯಿತ್ತು. ಕಾಕಡಾ ಮುಟ್ಟಿದರು. ಅದೂ ಹಸಿ. ಚರಿಗೆ ಹಿಡಿದುಕೊಂಡೇ ಬಚ್ಚಲಿಗೆ ಹೋಗಿ ನೀರು ಚೆಲ್ಲಿದರು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ, ಪೇಪರ್ ಓದುತ್ತಿದ್ದ ಕಾಕಾ ಪೇಪರ್ ಕೆಳಗಿಳಿಸಿ ನೋಡಿದರು. ಕಾಕು ಒಳಗೆ ಹೋದ ಮೇಲೆ ನನ್ನನ್ನು ಕರೆದರು.

“ನಿಮ್ಮ ಕಾಕುಗ ಮೈಯಾಗ ಅರಾಮಿಲ್ಲೇನವಾ?”

“ಅರಾಮ ಅದಾರ್ರಿ. ಅಲ್ಲೆ ಕೂಸಿತ್ತು, ಇಲ್ಲೆ ಮಾಡೂದೇನೂ ಉಳಿದಿಲ್ಲ. ಅಷ್ಟ.”

ಕಾಕಾ ಮತ್ತೆ ಪೇಪರ್ ಎತ್ತಿಕೊಂಡರು. ಪೇಪರಿನ ಅದೇ ಪುಟವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು.

ಮರುದಿನ ನಾನು ಎದ್ದು ಬಂದಾಗ ಗಡಿಗೆಗಳು ಗೋಡೆಯ ಬುಡದಲ್ಲಿ ಬೋರಲಾಗಿ ಬಿದ್ದಿದ್ದವು. ಬತ್ತಿ ಒಂದೂ ಇರಲಿಲ್ಲ. ಕಾಕಾ ಅಡುಗೆಮನೆಯ ಬಾಗಿಲಲ್ಲಿ, ಒಳಗೆ ಕುಳಿತಿದ್ದ ಕಾಕು ಎದುರು, ತಪ್ಪು ಮಾಡಿದವರಂತೆ ನಿಂತಿದ್ದರು.

“ನೂಲು ಕೊಳತು ಹೋತು ನೋಡು. ಎಲ್ಲಾ ಕಿತ್ತ ಒಗದೆ. ಇನ್ನ ಅವಕ್ಕ ನೀನ ಹಾಕಬೇಕು.”

“ನಾ ಮೊದಲ ಹೇಳಿದ್ದಿಲ್ಲೇನ್ರಿ? ಅಂಥಾವೆಲ್ಲಾ ಎಷ್ಟ ದಿನ ಬಾಳ್ತಾವ? ಬಾಜೂಕ ಸರೀರಿ,” ಎಂದು ಕಾಕು ಗದರಿಸುತ್ತಲೇ ಎದ್ದರು. ಚರಿಗೆ ತುಂಬಿಕೊಂಡು, ಸೆರಗು ಸಿಕ್ಕಿಸಿಕೊಂಡು ಹೊರಟವರು ನನ್ನ ಹತ್ತಿರ ಬಂದಾಗ ಒಂದು ಗಳಿಗೆ ನಿಂತರು. ದನಿ ತಗ್ಗಿಸಿ ಹೇಳಿದರು:

“ನೂಲು ಕೊಳತಿದ್ದಿಲ್ಲ. ನಿನ್ನಿ ನಾನ ಎಳದು ನೋಡೇನಿ, ಗಟ್ಟಿ ಇತ್ತು. ನೀ ಅವರ ಮುಂದ ಅನಬ್ಯಾಡ.”