ಒಂದೇ ಹೊಟ್ಟೆಯ ಮನೆ

ಅಜೀರ್ಣವೆಂಬುದು ಲೋಕದಲ್ಲಿ ಎಷ್ಟೇ ಜನರಿಗಿರಲಿ, ಅದಕ್ಕೊಂದು ಘನತೆ ತಂದುಕೊಟ್ಟವರು ತಾವೊಬ್ಬರೇ ಎಂಬುದು ತೂಕದ ಸಾಹೇಬರ ಅಚಲ ನಂಬಿಕೆ. (ಅಂಗಡಿಗಳ ತಕ್ಕಡಿ, ತೂಕದ ಕಲ್ಲುಗಳನ್ನು ಪರೀಕ್ಷಿಸುವ ಇಲಾಖೆಯಲ್ಲಿ ಅವರು ಇನ್‌ಸ್ಪೆಕ್ಟರು, ಬೀದಿಯವರಿಟ್ಟ ಹೆಸರೇ ಮನೆಯಲ್ಲೂ ನಿಂತಿತ್ತು.) ಆ ಮನೆಯ ದಿನಚರಿ ನಡೆಯುತ್ತಿದ್ದುದು ಗಡಿಯಾರದಿಂದಲ್ಲ, ಸಾಹೇಬರ ಜಠರದಿಂದ. ಊಟವಾದ ಮೇಲೆ ಅವರು ಆರಾಮಕುರ್ಚಿಯಲ್ಲಿ ಎಡಮಗ್ಗುಲಿಗೆ ಒರಗಿ ಕಣ್ಣು ಮುಚ್ಚಿದರೆಂದರೆ, ತೇಗು ಬರುವವರೆಗೆ ಮನೆಯಲ್ಲಿ ಚಮಚವೂ ಸದ್ದು ಮಾಡುವಂತಿರಲಿಲ್ಲ. ತೇಗು ಬಂದಿತೋ, ಕದನವಿರಾಮ ಸಾರಿದಂತೆ. ಆಮೇಲೆ ಮನೆಯಾಕೆ ಅಡುಗೆಮನೆಯಲ್ಲಿ ತನ್ನ ತಟ್ಟೆ ಹಾಕಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಅನ್ನ ತಣ್ಣಗಾಗಿ ಕಲ್ಲಾಗಿರುತ್ತಿತ್ತು. ಆಕೆ ಏನನ್ನು ಎಷ್ಟು ತಿನ್ನುತ್ತಾಳೆಂದು ನೋಡಿದವರಿಲ್ಲ.

ಕೆಲಸದಲ್ಲಿ ಮಾತ್ರ ಸಾಹೇಬರ ಕಣ್ಣು ಹದ್ದಿನದು. ಹಿಂದಿನ ವಾರವಷ್ಟೇ ಅವರು ಗುಜರಿ ಅಂಗಡಿಯವನ ತೂಕದ ಯಂತ್ರವನ್ನು ಜಪ್ತಿ ಮಾಡಿದ್ದರು. ಹಳೆಯ ಪೇಪರು ಮಾರಲು ಹೆಂಡತಿಯೊಡನೆ ಹೋದವರಿಗೆ ಅಲ್ಲೇ ಸಂಶಯ ಬಂದಿತ್ತು. ಇಲಾಖೆಯ ತೂಕದ ಕಲ್ಲುಗಳು ಜೊತೆಗಿರಲಿಲ್ಲ, ಹೆಂಡತಿ ಇದ್ದಳು. ಆಕೆಯ ತೂಕ ಅವರಿಗೆ ಮದುವೆಯಾದಂದಿನಿಂದ ಬಾಯಿಪಾಠ. ಹತ್ತಿಸಿದರು. ಯಂತ್ರ ಹನ್ನೆರಡು ಕಿಲೋ ಕಡಿಮೆ ತೋರಿಸಿತು.

"ಕೊಳ್ಳೋ ಸಾಮಾನಿಗೆ ಕಡಿಮೆ ತೂಕ! ಜನರ ಹೊಟ್ಟೆ ಮೇಲೆ ಹೊಡೀತೀಯೇನಯ್ಯಾ?"

"ಸಾರ್, ನಿಮ್ಮ ಇಲಾಖೆಯವರೇ ಹೋದ ತಿಂಗಳು ಮುದ್ರೆ ಒತ್ತಿದ್ದು! ಯಂತ್ರ ಬಿಟ್ಟು ಒಂದ್ಸಲ ಅಮ್ಮೋರನ್ನ ಸರಿಯಾಗಿ ನೋಡಿ."

ಪರಸ್ತ್ರೀಯನ್ನು ನೋಡು ನೋಡು ಎನ್ನುವ ಅಧಿಕಪ್ರಸಂಗವನ್ನೂ ಸೇರಿಸಿ ಸಾಹೇಬರು ದೂರು ಬರೆದರು. (ನೋಡು ಎಂದದ್ದು ಗಂಡನಿಗೆ ಎಂಬ ಸೂಕ್ಷ್ಮ ಅವರಿಗೆ ಹೊಳೆಯಲಿಲ್ಲ.)

ಹೀಗಿರುವಾಗ ಬೀದಿಗೊಂದು ಸುದ್ದಿ ಬಂತು. ಜನಸಾಮಾನ್ಯರಲ್ಲಿ ಅಜೀರ್ಣ ಎಷ್ಟು ವ್ಯಾಪಕ, ಎಷ್ಟು ತೀವ್ರ ಎಂದು ಸಮೀಕ್ಷೆಯವರು ಮನೆಮನೆಗೂ ಬಂದು ವಿಚಾರಿಸುತ್ತಾರಂತೆ; ತೀವ್ರವೆಂದು ಕಂಡವರನ್ನು ದೊಡ್ಡಾಸ್ಪತ್ರೆಯ ಹೊಟ್ಟೆ ಡಾಕ್ಟರ ಬಳಿಗೆ ನೇರವಾಗಿ ಕಳಿಸುತ್ತಾರಂತೆ. ಆ ಡಾಕ್ಟರ ದರ್ಶನಕ್ಕಾಗಿ ಸಾಹೇಬರು ವರ್ಷಗಳಿಂದ ತಪಸ್ಸು ಮಾಡುತ್ತಿದ್ದರು. ರಜೆ ಹಾಕಿ, ಕ್ಷೌರ ಮಾಡಿಸಿಕೊಂಡು ಕುಳಿತರು.

ಬಂದವಳು ಹೆಗಲಿಗೆ ಚೀಲ ಹಾಕಿದ ಒಬ್ಬ ಹುಡುಗಿ.

"ಬಾಮ್ಮ, ಸರಿಯಾದ ಮನೆಗೇ ಬಂದಿದೀಯ. ಎದೆಯುರಿಯಿಂದ ಶುರು ಮಾಡ್ಲಾ, ಹೊಟ್ಟೆಯುಬ್ಬರದಿಂದ್ಲಾ?"

"ಒಂದ್ನಿಮಿಷ ಸಾರ್. ಮನೇಲಿ ದೊಡ್ಡೋರು ಎಷ್ಟು ಜನ?"

"ಇಬ್ಬರು. ಆದ್ರೆ ಹೊಟ್ಟೆ ಅಂತ ಇರೋದು ನನಗೆ."

"ಒಂದು ಮನೇಲಿ ಒಬ್ಬರನ್ನೇ ಕೇಳ್ಬೇಕು ಸಾರ್. ಯಾರ ಹುಟ್ಟಿದ ದಿನ ಮುಂದೆ ಮೊದಲು ಬರುತ್ತೋ ಅವರನ್ನ. ಕಾಯಿಲೆ ಇರೋರೇ ನುಗ್ಗಿ ಬಂದ್ರೆ ಲೆಕ್ಕ ಕೆಡುತ್ತಲ್ಲ, ಅದಕ್ಕೆ."

"ನಂದು ಇನ್ನು ಮೂರು ತಿಂಗಳಿದೆ."

"ಅಮ್ಮೋರದು?"

ಸಾಹೇಬರು ಗೋಡೆಯ ಕ್ಯಾಲೆಂಡರು ನೋಡಿದರು, ಆಮೇಲೆ ಸೂರು ನೋಡಿದರು. "ಅವಳದು... ಆಗ್ಹೋಯ್ತು ಅನ್ಸುತ್ತೆ."

"ನಾಳಿದ್ದು," ಎಂದಿತು ಅಡುಗೆಮನೆಯ ದನಿ.

ಸಾಹೇಬರಿಗೆ ಸಿಡಿಲು ಬಡಿದಂತಾಯಿತು. ಆದರೆ ಅವರು ಸುಮ್ಮನೆ ಸೋಲುವವರಲ್ಲ. ಒಳಗೆ ಹೋಗಿ ಪಿಸುಗುಟ್ಟಿದರು: "ನೋಡೇ, ನನ್ನ ಹೊಟ್ಟೆ ವಿಷಯ ನಿನಗೆ ಗೊತ್ತೇ ಇದೆಯಲ್ಲ. ಅದನ್ನೇ ನಿಂದು ಅಂತ ಹೇಳ್ಬಿಡು. ಹೆಸರು ನಿಂದು, ಹೊಟ್ಟೆ ನಂದು. ಡಾಕ್ಟ್ರ ಹತ್ರ ಹೋದ್ಮೇಲೆ ನಾನು ನೋಡ್ಕೋತೀನಿ."

"ನಾನು ಸುಳ್ಳು ಹೇಳೋಲ್ಲಪ್ಪ."

"ಸುಳ್ಳು ಯಾಕೇ ಆಗುತ್ತೆ? ನೋವು ನಿಜಾನೇ ತಾನೆ?"

ಆಕೆ ಒಂದು ಕ್ಷಣ ಗಂಡನ ಮುಖ ನೋಡಿದಳು. "ಹೌದು, ನಿಜಾನೇ," ಎಂದು ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಹೋದಳು.

ಗಂಡ ಜೊತೆಯಲ್ಲಿರಕೂಡದೆಂದು ಹುಡುಗಿ ಹೇಳಿದ್ದರಿಂದ ಸಾಹೇಬರು ಬಾಗಿಲ ಹಿಂದೆ ನಿಂತು ಕಿವಿಯಾನಿಸಿದರು. ಉರಿ? ಇದೆ. ಭಾರ? ಇದೆ. ಶಹಭಾಸ್, ಎಂದುಕೊಂಡರು. ಆಮೇಲೆ ಮಾತು ಅವರ ಹೊಟ್ಟೆಯ ಎಲ್ಲೆ ದಾಟಿತು.

"ಎರಡು ತುತ್ತಿಗೇ ಸಾಕಾಗುತ್ತಮ್ಮ. ಮೂರನೇದು ಇಳಿಯೋಲ್ಲ. ಬಲವಂತ ಮಾಡಿದ್ರೆ ವಾಂತಿ. ಈಚೆಗೆ ಹೊರಕ್ಕೆ ಹೋದ್ರೆ ಕಪ್ಪಗೆ ಹೋಗುತ್ತೆ, ಟಾರಿನ ಹಾಗೆ."

ಹೆಂಡತಿಯಲ್ಲಿ ಇಂಥ ಕಲ್ಪನಾಶಕ್ತಿ ಅಡಗಿತ್ತೇ ಎಂದು ಸಾಹೇಬರು ಬೆರಗಾದರು.

"ತೂಕ ಇಳಿದಿದೆಯಾ ಅಮ್ಮಾ?"

"ರವಿಕೆಗೆ ಹೊಲಿಗೆ ಹಾಕಿ ಬಿಗಿ ಮಾಡ್ಕೋತಾನೇ ಇದೀನಿ."

"ಮನೇಲಿ ಹೇಳಿಲ್ವಾ?"

"ಈ ಮನೇಲಿ ಇರೋದು ಒಂದೇ ಹೊಟ್ಟೆಗೆ ಜಾಗ ಕಣಮ್ಮ. ಅದು ಆಗ್ಲೇ ತುಂಬಿದೆ."

ಇದು ಸ್ವಲ್ಪ ಅತಿಯಾಯಿತು ಎನ್ನಿಸಿತು ಸಾಹೇಬರಿಗೆ. ನಾಟಕವೆಂದ ಮೇಲೆ ಹದವಿರಬೇಕು.

ಮಾತು ಮುಗಿಸಿ ಎದ್ದ ಹುಡುಗಿಯ ಮುಖ ಸಪ್ಪಗಿತ್ತು. ಯಾರಿಗೋ ಫೋನು ಮಾಡಿ ಮುಗಿಸಿ, ಸಾಹೇಬರತ್ತ ತಿರುಗಿ, "ನಾಳೆ ಬೆಳಿಗ್ಗೇನೇ ಕರ್ಕೊಂಡು ಹೋಗಿ ಸಾರ್, ತಡ ಮಾಡ್ಬೇಡಿ," ಎಂದಳು. ಸಾಹೇಬರು ಗೆಲುವನ್ನು ಮುಚ್ಚಿಟ್ಟುಕೊಂಡು, ಲೆಕ್ಕಕ್ಕಲ್ಲದಿದ್ದರೂ ಮಾತಿಗಾದರೂ ಇರಲೆಂದು ತಮ್ಮ ಲಕ್ಷಣಗಳನ್ನೂ ಒಪ್ಪಿಸಿದರು. ಹುಡುಗಿ ನಿಂತುಕೊಂಡೇ ಕೇಳಿದಳು.

"ಹಸಿವಾಗುತ್ತಾ? ನಿದ್ದೆ ಬರುತ್ತಾ?"

"ಎರಡೂ ಚೆನ್ನಾಗೇ ಬರುತ್ತೆ. ಅದೇ ಕಷ್ಟ."

"ನಿಮ್ಮದು ಸಾಧಾರಣ ಸಾರ್. ಈ ಬೀದೀಲಿ ಮನೆ ಬಿಟ್ಟು ಮನೇಲಿದೆ."

ಸಾಧಾರಣ! ಆ ಒಂದು ಪದ ಸಾಹೇಬರಿಗೆ ರಾತ್ರಿಯೂಟಕ್ಕಿಂತ ಕಷ್ಟದಿಂದ ಜೀರ್ಣವಾಯಿತು.

ಮರುದಿನ ಬಸ್ಸಿನಲ್ಲಿ ಅವರು ಹೆಂಡತಿಯ ಕಿವಿಯ ಬಳಿ ಬಾಗಿದರು. "ಭೇಷ್ ಕಣೇ. ಆ ಕಪ್ಪಗೆ ಹೋಗೋದನ್ನ ಎಲ್ಲಿಂದ ತಂದೆ? ನನಗೇ ಹೊಳೆದಿರಲಿಲ್ಲ."

"ತರೋಕೆ ಎಲ್ಲೂ ಹೋಗ್ಲಿಲ್ಲ ರೀ. ಇತ್ತು."

ಸಾಹೇಬರು ಮನಸಾರೆ ನಕ್ಕರು. ಆಕೆ ಕಿಟಕಿಯ ಕಂಬಿ ಹಿಡಿದಳು. ಬಳೆಗಳು ಜಾರಿ ಮೊಣಕೈಗೆ ಬಂದು ನಿಂತವು. ನಗು ಅರ್ಧಕ್ಕೆ ನಿಂತಿತು. ಆ ಬಳೆಗಳು ಮೊದಲು ಮಣಿಕಟ್ಟು ಬಿಟ್ಟು ಕದಲುತ್ತಿರಲಿಲ್ಲ ಎಂಬುದು ಅವರಿಗೆ ಯಾಕೋ ನೆನಪಾಯಿತು.

ಆಸ್ಪತ್ರೆಯಲ್ಲಿ ನರ್ಸು ಮೊದಲು ಆಕೆಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಸಾಹೇಬರು ಅಭ್ಯಾಸಬಲದಿಂದ ಮುಳ್ಳನ್ನು ನೋಡಿದರು. ಹನ್ನೆರಡು ಕಿಲೋ ಕಡಿಮೆ.

"ನಿಮ್ಮ ಯಂತ್ರ ಸರಿಯಿಲ್ಲ," ಎಂದರು. ದನಿ ಇಲಾಖೆಯದೇ. "ನನ್ನ ಹೆಂಡತಿ ತೂಕ ನನಗೆ ಗೊತ್ತಿಲ್ವೇನಮ್ಮಾ?"

"ಸರಿಯಾಗೇ ಇದೆ ಸಾರ್."

"ನಾನು ಇನ್‌ಸ್ಪೆಕ್ಟರು. ಸರೀರಿ."

ಹೆಂಡತಿಯನ್ನು ಮೆಲ್ಲನೆ ಇಳಿಸಿ ತಾವೇ ಹತ್ತಿದರು. ಎರಡು ದಿನದ ಹಿಂದೆ ಕಚೇರಿಯಲ್ಲಿ ನೋಡಿದ್ದ ತೂಕಕ್ಕೇ ಮುಳ್ಳು ಬಂದು ನಿಂತಿತು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ. ಸಾಹೇಬರು ಬಗ್ಗಿ ನೋಡಿದರು. ಒಂದು ಕಾಲೆತ್ತಿ ನೋಡಿದರು. ಉಸಿರು ಬಿಗಿಹಿಡಿದು, ಜೀವಮಾನದಲ್ಲಿ ಮೊದಲ ಸಲ, ಒಂದು ಯಂತ್ರ ಮೋಸದ್ದಾಗಿರಲಿ ಎಂದು ಬೇಡಿಕೊಂಡರು. ಮುಳ್ಳು ಅಲುಗಲಿಲ್ಲ.

"ಇಳೀರಿ ಸಾರ್," ಎಂದಳು ನರ್ಸು. "ರೋಗಿ ನೀವಲ್ವಲ್ಲ."

ಇಳಿದರು. ಡಾಕ್ಟರ ಕೋಣೆಯ ಬಾಗಿಲು ತೆರೆಯಿತು. ಮನೆಯಾಕೆ ತನ್ನ ಕೈಚೀಲವನ್ನು ಗಂಡನ ಕೈಗಿತ್ತು, ಹೊಸ್ತಿಲಲ್ಲಿ ಒಂದು ಕ್ಷಣ ನಿಂತು ತಿರುಗಿದಳು.

"ರೀ, ಆ ಗುಜರಿಯವನ ಯಂತ್ರ ವಾಪಸ್ ಕೊಟ್ಬಿಡಿ, ಪಾಪ."