ಸ್ವಂತ ಮೊಮ್ಮಗಳನ್ನು ಕಡಿಮೆ ಮಾಡಿ ಹೇಳುವ ರೂಢಿಯ ತಾತ್ಕಾಲಿಕ ಅಮಾನತು

ಇಲಾಖೆ
(ಹೆಸರಿಡುವ ಪ್ರಸ್ತಾವ ಪರಿಶೀಲನೆಯಲ್ಲಿದೆ)
ಅವಳಿ ನಗರ ವಿಭಾಗ, ಬೆಂಗೇರಿ ಉಪಕಚೇರಿ, ಹುಬ್ಬಳ್ಳಿ

ಸಂಖ್ಯೆ: ಇ/ಸೀಟು/ಅಂದಾಜು/06/2024-25
ದಿನಾಂಕ: 17-02-2025

ಸುತ್ತೋಲೆ

ವಿಷಯ: ಹೊರಗಿನವರ ದೂರವಾಣಿ ಕರೆಗಳಲ್ಲಿ ಮನೆಯ ಮಕ್ಕಳನ್ನು ಕಡಿಮೆ ಮಾಡಿ, ಎದುರು ಮನೆಯ ಮಕ್ಕಳನ್ನು ಹೆಚ್ಚು ಮಾಡಿ ಹೇಳುವ ರೂಢಿಯನ್ನು ಐದೂವರೆ ದಿನಗಳ ಮಟ್ಟಿಗೆ ತಡೆಹಿಡಿಯುವ ಬಗ್ಗೆ.

ಉಲ್ಲೇಖ:
1) ಹೊರರಾಜ್ಯದ ವಿಶ್ವವಿದ್ಯಾಲಯವೊಂದರಿಂದ ದಿ. 11-02-2025ರಂದು ಬೆಳಿಗ್ಗೆ 10.40ಕ್ಕೆ ಬಂದ ಕರೆ.
2) ಸದರಿ ಕರೆಗೆ ಶ್ರೀಮತಿ ಶೇವಂತೆವ್ವನವರು ನೀಡಿದ ಉತ್ತರ.
3) ಸದರಿ ಉತ್ತರದ ಕಾರಣ ಕು. ಪೂನಮ್ ಊಟ ಬಿಟ್ಟದ್ದು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಬೆಂಗೇರಿಯ ನಿವಾಸಿ ಕು. ಪೂನಮ್, ಪಿಯುಸಿ ದ್ವಿತೀಯ ವರ್ಷ, ವಿಜ್ಞಾನ ವಿಭಾಗ, ಇವರು ಸಂಖ್ಯಾಶಾಸ್ತ್ರ ಓದುವ ಸಲುವಾಗಿ ಹೊರರಾಜ್ಯದ ಹೆಸರಾಂತ ವಿಶ್ವವಿದ್ಯಾಲಯವೊಂದಕ್ಕೆ ಅರ್ಜಿ ಸಲ್ಲಿಸಿರುತ್ತಾರೆ. ಸದರಿ ವಿಶ್ವವಿದ್ಯಾಲಯವು ಅರ್ಜಿ ಹಾಕಿದ ನೂರು ಜನರಲ್ಲಿ ಆರು ಜನರನ್ನು ತೆಗೆದುಕೊಂಡು, ಉಳಿದ ತೊಂಬತ್ನಾಲ್ಕು ಜನರಿಗೆ ಶುಭ ಹಾರೈಸುತ್ತದೆ. ಪರೀಕ್ಷೆ, ಪ್ರಬಂಧ, ಸಂದರ್ಶನ ಮೂರನ್ನೂ ದಾಟಿದ ಕು. ಪೂನಮ್ ವಿಷಯದಲ್ಲಿ ಬಾಕಿ ಇದ್ದುದು ಮನೆಯ ಹಿರಿಯರೊಬ್ಬರ ಜೊತೆ ಫೋನಿನಲ್ಲಿ ನಾಲ್ಕು ಮಾತು ಮಾತ್ರ. ಮನೆಯವರಿಗೆ ತೊಂದರೆಯಾಗಬಾರದೆಂದು ವಿಶ್ವವಿದ್ಯಾಲಯವು ಕನ್ನಡ ಬಲ್ಲ ಮೇಡಂ ಒಬ್ಬರನ್ನೇ ಈ ಕೆಲಸಕ್ಕೆ ನೇಮಿಸಿತ್ತು. ತೊಂದರೆಯಾದದ್ದು ಅದರಿಂದಲೇ ಎಂದು ಇಲಾಖೆಗೆ ಮನವರಿಕೆಯಾಗಿದೆ.

ಕರೆ ಬಂದ ಸಮಯದಲ್ಲಿ ವಿದ್ಯಾರ್ಥಿನಿ ಕಾಲೇಜಿನಲ್ಲಿಯೂ, ತಾಯಿ ಶ್ರೀಮತಿ ದುರಗವ್ವ ತಾವು ಕೆಲಸ ಮಾಡುವ ಅಂಗನವಾಡಿಯಲ್ಲಿಯೂ, ತಂದೆ ಇದೇ ಕಚೇರಿಯಲ್ಲಿಯೂ (ಕಲಂ 6 ನೋಡುವುದು) ಇದ್ದು, ಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅಜ್ಜಿ ಶ್ರೀಮತಿ ಶೇವಂತೆವ್ವ, ವಯಸ್ಸು 71, ಫೋನು ಎತ್ತಿರುತ್ತಾರೆ. ಮೊಮ್ಮಗಳ ವಿಶೇಷ ಸಾಮರ್ಥ್ಯವೇನೆಂದು ಕೇಳಲಾಗಿ, "ಏನೂ ಇಲ್ಲವಾ. ಸುಮ್ನ ಪುಸ್ತಕಾ ಹಿಡಕೊಂಡ ಕುಂದರ್ತಾಳ. ರೊಟ್ಟಿ ಬಡ್ಯಾಕ ಸಹಿತ ಬರೂದಿಲ್ಲ" ಎಂದು ಉತ್ತರಿಸಿರುತ್ತಾರೆ. ನಾಯಕತ್ವದ ಗುಣವಿದೆಯೇ ಎಂದು ಕೇಳಲಾಗಿ, ಆಕೆಯ ಮಾತನ್ನು ಮನೆಯ ಬೆಕ್ಕೂ ಕೇಳುವುದಿಲ್ಲವೆಂದು ತಿಳಿಸಿರುತ್ತಾರೆ. ಅನಂತರ ಯಾರೂ ಕೇಳದೆಯೇ ಎದುರು ಮನೆಯ ಕು. ಋತುಜಾ ಇವರನ್ನು ನಾಲ್ಕು ನಿಮಿಷ ಹೊಗಳಿರುತ್ತಾರೆ. ವಿಶ್ವವಿದ್ಯಾಲಯವು ಈಗ ಕು. ಋತುಜಾ ಅವರ ವಿಳಾಸ ಕೇಳಿ ಪತ್ರ ಬರೆದಿದೆ. ಸದರಿಯವರು ಎಂಟನೇ ತರಗತಿಯಲ್ಲಿದ್ದಾರೆ.

ಎರಡನೆಯ ಹಾಗೂ ಕೊನೆಯ ಕರೆಯನ್ನು ದಿ. 22-02-2025ರ ಶನಿವಾರ ಬೆಳಿಗ್ಗೆ 11 ಗಂಟೆಗೆ ಅದೇ ಅಜ್ಜಿಯವರಿಗೇ ಮಾಡುವುದಾಗಿ ವಿಶ್ವವಿದ್ಯಾಲಯ ತಿಳಿಸಿದೆ. ಸೀಟು ಅದರ ಮೇಲೆ ನಿಂತಿದೆ. ಇದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ನಡೆದದ್ದನ್ನು ಕೇಳಿದ ಕು. ಪೂನಮ್, "ಅಜ್ಜಿ ಹೇಳಿದ್ದು ಖರೇನ ಇರಬೇಕು" ಎಂದಷ್ಟೇ ಹೇಳಿ ಆ ರಾತ್ರಿ ಊಟ ಬಿಟ್ಟಿದ್ದು, ಅಂದಿನಿಂದ ಪುಸ್ತಕ ಮುಟ್ಟಿರುವುದಿಲ್ಲ. ವಾರ್ಷಿಕ ಪರೀಕ್ಷೆಗೆ ಹನ್ನೆರಡು ದಿನ ಉಳಿದಿದೆ. ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ, ಸಂಬಂಧಪಡದಿದ್ದರೂ ಮೂಗು ತೂರಿಸುವವರಿಗೂ, ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ.

ಕಲಂ 1. ಮಕ್ಕಳಿಗೆ ದೃಷ್ಟಿ ತಾಗದಿರಲೆಂದು ಅವರನ್ನು ಪರರ ಮುಂದೆ ತೆಗಳುವುದು ಈ ಭಾಗದ ಹಳೆಯ ರೂಢಿಯಾಗಿದ್ದು, ಇಲಾಖೆ ಅದನ್ನು ಗೌರವಿಸುತ್ತದೆ. ಆದಾಗ್ಯೂ ದೃಷ್ಟಿಗೆ ಗೊತ್ತಿರುವ ಈ ಪದ್ಧತಿ ವಿಶ್ವವಿದ್ಯಾಲಯಗಳಿಗೆ ಗೊತ್ತಿಲ್ಲ. ಕಾರಣ ಸದರಿ ರೂಢಿಯನ್ನು ಇಂದಿನಿಂದ ದಿ. 22ರ ಮಧ್ಯಾಹ್ನ 12 ಗಂಟೆಯವರೆಗೆ ಬೆಂಗೇರಿ ವ್ಯಾಪ್ತಿಯಲ್ಲಿ ಅಮಾನತ್ತಿನಲ್ಲಿ ಇಡಲಾಗಿದೆ. ಉಣಕಲ್ ಮತ್ತು ಅದರಾಚೆ ರೂಢಿ ಎಂದಿನಂತೆ ಜಾರಿಯಲ್ಲಿರುತ್ತದೆ. ತೆಗಳಲೇಬೇಕು ಎನ್ನಿಸಿದವರು ಬಸ್ಸು ಹತ್ತಿ ಉಣಕಲ್ ಕೆರೆಯ ದಂಡೆಗೆ ಹೋಗಿ, ತೆಗಳಿ, ಸಂಜೆಯೊಳಗೆ ಹಿಂತಿರುಗತಕ್ಕದ್ದು.

ಕಲಂ 2. ನಮ್ಮ ಕಡೆಯ ಪ್ರಶಂಸೆಯನ್ನು ಹೊರರಾಜ್ಯದ ಪ್ರಶಂಸೆಗೆ ಪರಿವರ್ತಿಸುವಾಗ ಈ ದರಗಳನ್ನು ಅನುಸರಿಸತಕ್ಕದ್ದು: "ಹಂಗ ಐತ್ರಿ" ಎಂದರೆ ಪ್ರಥಮ ದರ್ಜೆ. "ಅಷ್ಟಕ್ಕಷ್ಟರಿ" ಎಂದರೆ ನೂರಕ್ಕೆ ತೊಂಬತ್ತರ ಮೇಲೆ. "ಅಡ್ಡಿಯಿಲ್ರಿ" ಎಂದರೆ ಇಂಥವರನ್ನು ನೀವು ಇನ್ನೊಮ್ಮೆ ಕಾಣಲಾರಿರಿ. ಗಣಿತ ಉಪನ್ಯಾಸಕರಾದ ಶ್ರೀ ಸಿದ್ದಲಿಂಗಪ್ಪನವರು ಇಪ್ಪತ್ತೇಳು ವರ್ಷಗಳ ಸೇವೆಯಲ್ಲಿ "ಅಡ್ಡಿಯಿಲ್ಲ" ಎಂದಿರುವುದು ಎರಡೇ ಸಲ. ಒಮ್ಮೆ ಗಿರ್ಮಿಟ್ ತಿಂದಾಗ, ಇನ್ನೊಮ್ಮೆ ಕು. ಪೂನಮ್ ಅವರ ಶಿಫಾರಸು ಪತ್ರದಲ್ಲಿ. ಪತ್ರ ಕಳುಹಿಸಿದ ಮರುದಿನ, ತಮ್ಮಿಂದ ಅತಿಯಾಯಿತೇನೋ ಎಂದು ಚಡಪಡಿಸಿ, ಆ ಶಬ್ದವನ್ನು ಹಿಂಪಡೆಯಲು ಅವರು ಅನುಮತಿ ಕೋರಿರುತ್ತಾರೆ.

ಕಲಂ 3. ಕು. ಪೂನಮ್ ಅವರಿಗೆ ಸೀಟು ಸಿಗುವ ಸಾಧ್ಯತೆಯ ಬಗ್ಗೆ ಒಂದೇ ಮನೆಯಲ್ಲಿ ಮೂರು ಅಂದಾಜುಗಳು ಚಾಲ್ತಿಯಲ್ಲಿರುವುದು ತಪಾಸಣೆಯಲ್ಲಿ ಕಂಡುಬಂದಿರುತ್ತದೆ. ಹೊಸ್ತಿಲ ಹೊರಗೆ "ಎಲ್ಲೀದ ತಗೀರಿ". ಅಡುಗೆಮನೆಯಲ್ಲಿ ನೂರಕ್ಕೆ ಅರವತ್ತು. ದೇವರ ಜಗುಲಿಯ ಮುಂದೆ ನೂರಕ್ಕೆ ನೂರು, ಜೊತೆಗೆ ಒಂದು ತೆಂಗಿನಕಾಯಿ. ವಿದ್ಯಾರ್ಥಿನಿ ತಾನೇ ಕೂತು ಲೆಕ್ಕ ಮಾಡಿ ನೂರಕ್ಕೆ ಹನ್ನೊಂದು ಎಂದು ತಿಳಿಸಿದ್ದರು. ಅವರಿಗೆ ಸಂಖ್ಯಾಶಾಸ್ತ್ರ ಬರುತ್ತದೆಂಬ ಕಾರಣಕ್ಕೆ ಆ ಅಂಕಿಯನ್ನು ಯಾರೂ ಪರಿಗಣಿಸಿಲ್ಲ. ಇನ್ನು ಮುಂದೆ ಮೂಲೆಯ ಟೇಲರ್ ಶ್ರೀ ಅಹಮದಸಾಬ ಅವರು ಗಿರಾಕಿಗಳ ಅಳತೆ ತೆಗೆದುಕೊಳ್ಳುತ್ತಾ ಸಾಧ್ಯತೆಯನ್ನು ಘೋಷಿಸುವಂತಿಲ್ಲ. ಅವರು ಸದರಿ ವಿದ್ಯಾರ್ಥಿನಿಗೆ ಆ ಊರಿನ ಚಳಿಗೆಂದು ಉಣ್ಣೆಯ ಕೋಟನ್ನು ಈಗಾಗಲೇ ಕತ್ತರಿಸಿ ಇಟ್ಟಿರುವುದನ್ನು ಇಲಾಖೆ ಕಂಡೂ ಕಾಣದಂತೆ ಬಿಟ್ಟಿದೆ.

ಕಲಂ 4. ನಿಜವನ್ನು ಹೇಳಿದ್ದರಿಂದ ದೃಷ್ಟಿ ತಾಗಬಹುದೆಂಬ ಆತಂಕವಿರುವವರು ಪ್ರತಿ ಹೊಗಳಿಕೆಗೆ ಐದು ಒಣಮೆಣಸಿನಕಾಯಿಯ ಮಿತಿಗೆ ಒಳಪಟ್ಟು ದೃಷ್ಟಿ ತೆಗೆಯಬಹುದು. ಸುಟ್ಟ ಮೆಣಸಿನಕಾಯಿಗೆ ಕೆಮ್ಮು ಬಂದಲ್ಲಿ ದೃಷ್ಟಿ ಇರಲಿಲ್ಲವೆಂದೂ, ಬಾರದಿದ್ದಲ್ಲಿ ಇತ್ತೆಂದೂ ತಿಳಿಯತಕ್ಕದ್ದು. ಕೆಮ್ಮು ವಿಶ್ವವಿದ್ಯಾಲಯಕ್ಕೆ ಕೇಳಿಸದಂತೆ ಈ ಕಾರ್ಯವನ್ನು ಕರೆ ಮುಗಿದ ನಂತರ, ಹಿತ್ತಲಿನಲ್ಲಿ, ಫೋನನ್ನು ಬೇರೆಯವರ ಕೈಗೆ ಕೊಟ್ಟು ಮಾಡತಕ್ಕದ್ದು.

ಕಲಂ 5. ದಿ. 13ರಿಂದ 15ರವರೆಗೆ ಶ್ರೀಮತಿ ಶೇವಂತೆವ್ವನವರಿಗೆ ಮೂರು ಪೂರ್ವಾಭ್ಯಾಸಗಳನ್ನು ನಡೆಸಲಾಯಿತು. ಮೊದಲನೆಯದರಲ್ಲಿ ಅಧೀಕ್ಷಕರು ಹೆಂಗಸಿನ ದನಿ ತೆಗೆದು ವಿಶ್ವವಿದ್ಯಾಲಯದ ಮೇಡಂ ಆಗಿ ಕರೆ ಮಾಡಲಾಗಿ, ಅಜ್ಜಿಯವರು ಗಂಟಲಿಗೆ ಏನಾಗಿದೆ, ಊಟ ಆಯಿತೇ ಎಂದು ವಿಚಾರಿಸಿರುತ್ತಾರೆ. ಎರಡನೆಯದರಲ್ಲಿ "ಹುಡುಗಿ ಶಾಣ್ಯಾಕಿ ಅದಾಳ" ಎಂಬಲ್ಲಿಯವರೆಗೆ ತಲುಪಿ, ತಕ್ಷಣ "ಆದರ" ಎಂದು ಸೇರಿಸಿ, ಆ "ಆದರ"ದ ಮುಂದೆ ಹತ್ತು ನಿಮಿಷ ಮಾತನಾಡಿರುತ್ತಾರೆ. ಆದ ಕಾರಣ "ಆದರ" ಎಂಬ ಶಬ್ದವನ್ನು ದಿ. 22ರವರೆಗೆ ಮನೆಯಲ್ಲಿ ಯಾರೂ ಬಳಸುವಂತಿಲ್ಲ. ಮೂರನೆಯ ಅಭ್ಯಾಸದಲ್ಲಿ ಏನಾಯಿತೆಂಬುದನ್ನು ಕಲಂ 9ರಲ್ಲಿ ಹೇಳಲಾಗಿದೆ.

ಕಲಂ 6. ಸದರಿ ಶೇವಂತೆವ್ವನವರ ಮಗನೂ, ಸದರಿ ಪೂನಮ್ ಅವರ ತಂದೆಯೂ, ಈ ಸುತ್ತೋಲೆಗೆ ಸಹಿ ಮಾಡುವ ಅಧೀಕ್ಷಕರೂ ಒಬ್ಬರೇ ಆಗಿರುವುದು ಕೇವಲ ಆಕಸ್ಮಿಕ. ಸದರಿ ಅಧೀಕ್ಷಕರ ನಡವಳಿಕೆಯನ್ನೂ ಪರಿಶೀಲಿಸಲಾಗಿದ್ದು, ಹದಿನೇಳು ವರ್ಷಗಳಲ್ಲಿ ಮಗಳ ಎದುರು ಅವರು ಬಳಸಿದ ಅತ್ಯುನ್ನತ ಪ್ರಶಂಸೆ "ಹೂಂ" ಎಂದು ದಾಖಲೆಯಿಂದ ತಿಳಿದುಬಂದಿರುತ್ತದೆ. ಆಕೆ ಹತ್ತನೇ ತರಗತಿಯಲ್ಲಿ ಶಾಲೆಗೆ ಮೊದಲಿಗಳಾದ ದಿನ ಕಚೇರಿಗೆಲ್ಲ ಪೇಡೆ ಹಂಚಿ, ಕಾರಣ ಕೇಳಿದವರಿಗೆ ತಮಗೆ ಬಡ್ತಿ ಬಂದಿದೆ ಎಂದು ಸುಳ್ಳು ಹೇಳಿರುತ್ತಾರೆ. ಬಡ್ತಿ ಇದುವರೆಗೂ ಬಂದಿರುವುದಿಲ್ಲ. ಅವರಿಗೆ ಅವರಿಂದಲೇ ಕಾರಣ ಕೇಳುವ ನೋಟೀಸು ಜಾರಿಯಾಗಿದ್ದು, ಉತ್ತರಕ್ಕೆ ಕಾಯಲಾಗುತ್ತಿದೆ.

ಕಲಂ 7. ದಿ. 22ರಂದು ಬೆಳಿಗ್ಗೆ 10.45ರಿಂದ ಓಣಿಯಲ್ಲಿ ಮಿಕ್ಸರ್, ಕುಕ್ಕರ್ ಸೀಟಿ ಹಾಗೂ ಪಾತ್ರೆ ತಿಕ್ಕುವುದನ್ನು ನಿಷೇಧಿಸಲಾಗಿದೆ. ಕಾಯಿಪಲ್ಯೆ ಮಾರುವವರು ಸನ್ನೆಯಿಂದ ಮಾರತಕ್ಕದ್ದು. ಬೆಕ್ಕನ್ನು ಕರೆಯ ಅವಧಿಯಲ್ಲಿ ಕು. ಪೂನಮ್ ಅವರು "ಇಲ್ಲಿ ಬಾ" ಎಂದು ಒಮ್ಮೆ ಕರೆಯತಕ್ಕದ್ದು. ಬೆಕ್ಕು ಬಂದಲ್ಲಿ ನಾಯಕತ್ವ ಗುಣ ಸಾಬೀತಾಯಿತೆಂದು ಸ್ಥಳದಲ್ಲಿಯೇ ಪಂಚನಾಮೆ ಮಾಡಲಾಗುವುದು.

ಕಲಂ 8. ಈ ಸುತ್ತೋಲೆಯನ್ನು ಉಲ್ಲಂಘಿಸಿದವರು ತಮ್ಮ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು, ಮುಖ ನೋಡಿ, ಒಂದು ನಿಮಿಷ ಹೊಗಳತಕ್ಕದ್ದು. ಶಿಕ್ಷೆ ಅತಿಯಾಯಿತೆಂದು ಈಗಾಗಲೇ ಮೂರು ಮೇಲ್ಮನವಿಗಳು ಬಂದಿವೆ. ಮೂರೂ ತಂದೆಯಂದಿರವು.

ಕಲಂ 9. ದಿ. 15ರಂದು ಅಧೀಕ್ಷಕರು ಅರ್ಧ ದಿನ ಸಾಂದರ್ಭಿಕ ರಜೆ ಹಾಕಿ, ವಿದ್ಯಾರ್ಥಿನಿ ಕಾಲೇಜಿಗೆ ಹೋಗಿದ್ದಾಗ ಮೂರನೆಯ ಅಭ್ಯಾಸ ನಡೆಸಿದರು. ಮೊಮ್ಮಗಳ ಬಗ್ಗೆ ಒಂದಾದರೂ ಒಳ್ಳೆಯ ಮಾತು ಹೇಳಲು ಬಾಯಿ ಯಾಕೆ ಬರುವುದಿಲ್ಲವೆಂದು ಕೇಳಲಾಗಿ, ಶ್ರೀಮತಿ ಶೇವಂತೆವ್ವನವರು ಮೊರದಲ್ಲಿನ ಜೋಳವನ್ನು ಪಕ್ಕಕ್ಕಿಟ್ಟು ನೀಡಿದ ಹೇಳಿಕೆಯನ್ನು ತಿದ್ದದೆ ಇಲ್ಲಿ ಕೊಡಲಾಗಿದೆ:

"ನಾ ಅಮ್ಮಿನಬಾವಿ ಸಾಲ್ಯಾಗ ಮೂರನೇ ಇಯತ್ತೆದಾಗ ಇದ್ದೆ. ಇನ್‌ಸ್ಪೆಕ್ಟರ್ ಬಂದು ಮಗ್ಗಿ ಕೇಳಿದ್ರು. ಹತ್ತೊಂಬತ್ತರ ಮಗ್ಗಿ ನಾ ಒಬ್ಬಾಕಿನ ಹೇಳಿದೆ. ನಮ್ಮಪ್ಪ ಹಿಗ್ಗಿ, ನನ್ನ ಮಗಳು ಸಾಲಿ ಅಕ್ಕೋರು ಆಗ್ತಾಳ ಅಂತ ಕಂಡಕಂಡವರ ಮುಂದ ಹೇಳಕೋತ ಅಡ್ಡಾಡಿದ. ತಿಂಗಳದಾಗ ಅವ್ವ ಹಾಸಗಿ ಹಿಡದ್ಲು. ತಮ್ಮನ್ನ ನೋಡಕೊಳ್ಳಾಕ ಯಾರೂ ಇದ್ದಿದ್ದಿಲ್ಲ, ನನ್ನ ಸಾಲಿ ಬಿಡಿಸಿದ್ರು. ಅಪ್ಪ ಅವತ್ತ ಸುಮ್ನ ಇದ್ದಿದ್ರ ನನ್ನ ಸಾಲಿ ಉಳೀತಿತ್ತು ಅಂತ ಇವತ್ತಿಗೂ ಅನಸ್ತೈತಿ. ಅದಕ್ಕ ಇಕಿ ಹುಟ್ಟಿದಾಗಿಂದ ನಾ ಬಾಯಿ ಕಟ್ಟೇನಿ. ನಮ್ಮ ಮನಿತನದಾಗ ಇಂಥಾ ತಲಿ ಯಾರಿಗೂ ಬಂದಿಲ್ಲ. ನನಗ ಒಂದೀಟ ಬಂದಿತ್ತು, ಇಕಿಗೆ ಪೂರಾ ಬಂದೈತಿ. ಇದನ್ನ ಅಕಿ ಮುಂದ ಹೇಳಬ್ಯಾಡ."

ಹೇಳಿಕೆಯ ಕೊನೆಯ ವಾಕ್ಯದಲ್ಲಿನ ಕೋರಿಕೆಯನ್ನು ಪರಿಶೀಲಿಸಿ ತಿರಸ್ಕರಿಸಲಾಗಿದೆ.

ಕಲಂ 10. ಸದರಿ ಹೇಳಿಕೆಯ ಮೇಲೆ ಇಲಾಖೆಯ ಅಭಿಪ್ರಾಯ: ಶ್ರೀಮತಿ ಶೇವಂತೆವ್ವನವರ ಶಾಲೆ ನಿಂತದ್ದು ಅವರ ತಂದೆಯ ಹಿಗ್ಗಿನಿಂದಲ್ಲ. ತಾಯಿಯ ಕಾಯಿಲೆಯಿಂದ, ಮತ್ತು ಗಂಡು ಮಗುವನ್ನು ಎತ್ತಿಕೊಳ್ಳಲು ಹೆಣ್ಣು ಮಗುವೇ ಬೇಕೆಂಬ ಅಂದಿನ ತೀರ್ಮಾನದಿಂದ. ಹತ್ತೊಂಬತ್ತರ ಮಗ್ಗಿ ಹೇಳಿದ ಮಗಳನ್ನು ಒಬ್ಬ ತಂದೆ ಊರೆಲ್ಲ ಹೇಳಿಕೊಂಡು ತಿರುಗಿದ್ದು ಸರಿಯಾಗಿಯೇ ಇತ್ತು. ಈ ಅಭಿಪ್ರಾಯವನ್ನು ಅರವತ್ತೆರಡು ವರ್ಷ ತಡವಾಗಿ ನೀಡುತ್ತಿರುವುದಕ್ಕೆ ಇಲಾಖೆ ವಿಷಾದಿಸುತ್ತದೆ.

ಕಲಂ 11. ಎರಡನೆಯ ಕರೆಗಾಗಿ ಇಲಾಖೆಯು ಹದಿನಾಲ್ಕು ಪುಟಗಳ ಮಾದರಿ ಉತ್ತರವನ್ನು ಸಿದ್ಧಪಡಿಸಿತ್ತು. ಅದನ್ನು ಈ ಮೂಲಕ ರದ್ದುಪಡಿಸಲಾಗಿದೆ. ಅಜ್ಜಿಯವರು ತಮಗೆ ತೋಚಿದ್ದನ್ನು ಹೇಳತಕ್ಕದ್ದು. ಇಷ್ಟಾಗಿಯೂ ಸೀಟು ಸಿಗದಿದ್ದಲ್ಲಿ "ನಾ ಮೊದಲ ಹೇಳಿದ್ದೆ" ಎನ್ನಬಯಸುವವರು ನಿಗದಿತ ನಮೂನೆಯಲ್ಲಿ ಅರ್ಜಿ ಸಲ್ಲಿಸಿ ಮೂರು ವರ್ಷ ಕಾಯತಕ್ಕದ್ದು. ಸೀಟು ಸಿಕ್ಕರೂ ಸಿಗದಿದ್ದರೂ ಕಲಂ 9ರಲ್ಲಿ ಹೇಳಿದ ತಲೆಯು ವಿದ್ಯಾರ್ಥಿನಿಯ ಬಳಿಯೇ ಉಳಿಯತಕ್ಕದ್ದು. ಅದನ್ನು ವಾಪಸು ಕೇಳುವ ಅಧಿಕಾರ ಯಾವ ವಿಶ್ವವಿದ್ಯಾಲಯಕ್ಕೂ ಇರುವುದಿಲ್ಲ.

ಇದನ್ನು ಓದಿ ಅರ್ಥವಾಗಿಲ್ಲವೆಂದು ಹೇಳುವವರಿಗೆ ಇದೇ ಸುತ್ತೋಲೆಯನ್ನು ಮತ್ತೊಮ್ಮೆ ಕಳುಹಿಸಲಾಗುವುದು.

ಸಹಿ/-
(ಗೋವಿಂದಪ್ಪ)
ಅಧೀಕ್ಷಕರು
ಬೆಂಗೇರಿ ಉಪಕಚೇರಿ, ಹುಬ್ಬಳ್ಳಿ

ಪ್ರತಿಗಳು:

1. ವಿಶ್ವವಿದ್ಯಾಲಯದ ಪ್ರವೇಶ ಶಾಖೆಗೆ, ಕಲಂ 2ರ ದರಪಟ್ಟಿಯ ಕಡೆ ಗಮನ ಸೆಳೆಯುತ್ತಾ. ಕು. ಋತುಜಾ ಅವರ ವಿಳಾಸವನ್ನು ನಾಲ್ಕು ವರ್ಷಗಳ ನಂತರ ಒದಗಿಸಲಾಗುವುದು.

2. ಶ್ರೀ ಸಿದ್ದಲಿಂಗಪ್ಪ, ಗಣಿತ ಉಪನ್ಯಾಸಕರು, ಇವರಿಗೆ. "ಅಡ್ಡಿಯಿಲ್ಲ" ಹಿಂಪಡೆಯುವ ಅನುಮತಿಯನ್ನು ನಿರಾಕರಿಸಲಾಗಿದೆ.

3. ಶ್ರೀ ಅಹಮದಸಾಬ, ಟೇಲರ್, ಇವರಿಗೆ, ಅಂಗಡಿಯ ಬಾಗಿಲಿಗೆ ಅಂಟಿಸಲು. ಕೋಟಿನ ತೋಳು ಅರ್ಧ ಇಂಚು ಉದ್ದ ಇರಲಿ.

(ಮೇಲಿನ ಮೂರೂ ಪ್ರತಿಗಳಲ್ಲಿ ಕಲಂ 9 ಮತ್ತು 10ನ್ನು ಕತ್ತರಿಸಿ ತೆಗೆಯಲಾಗಿದೆ.)

4. ಶ್ರೀಮತಿ ಶೇವಂತೆವ್ವ ಇವರಿಗೆ, ಪೂರ್ಣ ಪ್ರತಿ. ಇಲಾಖೆಯ ಅಕ್ಷರ ಸಣ್ಣದಿದ್ದು ಸದರಿಯವರ ಕಣ್ಣಿಗೆ ಕಾಣದಿರುವುದರಿಂದ, ದಿ. 20ರ ಗುರುವಾರ ಸಂಜೆ ಕು. ಪೂನಮ್ ಅವರು ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದಿ ಹೇಳತಕ್ಕದ್ದು. ಕಲಂ 9ನ್ನು ಬಿಟ್ಟು ಓದುವಂತಿಲ್ಲ. ನಡುವೆ ನಿಲ್ಲಿಸಬೇಕೆನಿಸಿದಲ್ಲಿ ನೀರು ಕುಡಿದು ಮುಂದುವರಿಸತಕ್ಕದ್ದು. ಓದು ಮುಗಿಯುವವರೆಗೆ ಅಧೀಕ್ಷಕರು ಪಕ್ಕದ ಕೋಣೆಯಲ್ಲಿ, ಬಾಗಿಲು ತೆರೆದಿಟ್ಟು, ಹಾಜರಿರುತ್ತಾರೆ. ಕಲಂ 6ರ ನೋಟೀಸಿಗೆ ಅವರು ಉತ್ತರವನ್ನು ಅನಂತರ ಹೊರಗೆ ಬಂದು ಮಗಳಿಗೆ ಬಾಯಿಮಾತಿನಲ್ಲಿ ನೀಡತಕ್ಕದ್ದು.

5. ಕಚೇರಿ ಪ್ರತಿ.